ಗಾಳಿಗೆ ಬಿಟ್ಟ ಅಣುಗಳು: ಗಿಡಗಳು ಪರಿಮಳವನ್ನು ಏಕೆ, ಯಾವಾಗ ಹೊರಬಿಡುತ್ತವೆ?

ಮಲ್ಲಿಗೆಯ ಮೊಗ್ಗನ್ನು ಬಿಸಿಲೇರುವ ಮುನ್ನವೇ ಬಿಡಿಸುತ್ತಾರೆ. ಉಡುಪಿಯ ಶಂಕರಪುರದಲ್ಲಾಗಲಿ, ಮೈಸೂರಿನ ಸುತ್ತಮುತ್ತಲಾಗಲಿ, ಹೂವಿನ ಬೆಳೆಗಾರರ ದಿನ ಶುರುವಾಗುವುದು ಹೀಗೆ. ಆ ಹೊತ್ತಿನಲ್ಲಿ ಬುಟ್ಟಿ ತುಂಬ ಮೊಗ್ಗಿದ್ದರೂ ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಅದೇ ಮೊಗ್ಗು ಚೆಂಡಾಗಿ ಪೇಟೆ ಸೇರಿ, ಸಂಜೆ ಮುಡಿಯಲ್ಲೋ ದೇವರ ಪಟದ ಮೇಲೋ ಬಿರಿದಾಗ ಮನೆಯೆಲ್ಲ ಘಮಘಮಿಸುತ್ತದೆ. ಗಿಡದಿಂದ ಕಿತ್ತು ಅಷ್ಟು ಹೊತ್ತಾದ ಮೇಲೂ ಹೂವು ತನ್ನ ವೇಳೆಯನ್ನು ತಪ್ಪಿಸುವುದಿಲ್ಲ. ಸುವಾಸನೆಯ ಕೆಲವು ಅಣುಗಳು ಮೊಗ್ಗಿನಲ್ಲಿ ಸಕ್ಕರೆಯ ಅಣುವಿಗೆ ಅಂಟಿಕೊಂಡು, ಆವಿಯಾಗಲಾರದ ರೂಪದಲ್ಲಿ ಕಾದಿರುತ್ತವೆ. ಉಳಿದವು ದಳ ಬಿಚ್ಚುವ ಹೊತ್ತಿಗೆ ಹೊಸದಾಗಿ ತಯಾರಾಗುತ್ತವೆ. ಬಿಳಿ ಬಣ್ಣ, ಸಂಜೆಯ ಅರಳುವಿಕೆ, ಗಾಢವಾದ ಕಂಪು, ಈ ಮೂರೂ ಒಟ್ಟಿಗೆ ಕಂಡರೆ ಆ ಹೂವು ರಾತ್ರಿ ಹಾರುವ ಪತಂಗಗಳಿಗೆಂದು ರೂಪುಗೊಂಡದ್ದು ಎಂದು ಸಾಮಾನ್ಯವಾಗಿ ಊಹಿಸಬಹುದು. ಪತಂಗವಿಲ್ಲದ ಹಗಲಿನಲ್ಲಿ ಕಂಪು ಚೆಲ್ಲಿದರೆ ಗಿಡಕ್ಕೆ ನಷ್ಟ.

ಈ ಲೇಖನದ ವಿಷಯವೂ ಆ ವೇಳೆಯ ಲೆಕ್ಕಾಚಾರವೇ. ಗಿಡಗಳು ಹೊರಬಿಡುವ ಬಾಷ್ಪಶೀಲ ಸಾವಯವ ಸಂಯುಕ್ತಗಳ ಬಗ್ಗೆ ಬರೆಯುವಾಗ ಅವುಗಳ ಉಪಯೋಗಗಳನ್ನು ಪಟ್ಟಿ ಮಾಡಿ ಮುಗಿಸುವುದು ಸುಲಭ. ಆದರೆ ಅವುಗಳ ನಿಜವಾದ ಸ್ವಾರಸ್ಯ ಬೇರೆ ಕಡೆ ಇದೆ. ಗಾಳಿಗೆ ಬಿಟ್ಟ ಅಣುವಿಗೆ ವಿಳಾಸವಿರುವುದಿಲ್ಲ. ಅದು ಮಿತ್ರನಿಗೂ ಸಿಗುತ್ತದೆ, ಶತ್ರುವಿಗೂ ಸಿಗುತ್ತದೆ. ಜೊತೆಗೆ ಅದನ್ನು ತಯಾರಿಸಲು ಎಲೆ ಬಿಸಿಲಿನಲ್ಲಿ ದುಡಿದು ಗಳಿಸಿದ ಇಂಗಾಲ ಖರ್ಚಾಗುತ್ತದೆ. ಆದ್ದರಿಂದ ಏನನ್ನು, ಎಷ್ಟು, ಯಾವ ಗಳಿಗೆಯಲ್ಲಿ ಬಿಡಬೇಕು ಎಂಬುದು ಬೇರೂರಿ ನಿಂತ ಜೀವಿಗೆ ಬದುಕಿನ ಪ್ರಶ್ನೆ.

ಮೊದಲು ರಸಾಯನವನ್ನು ನೋಡೋಣ. ಇವು ಇಂಗಾಲವನ್ನು ಆಧರಿಸಿದ ಸಣ್ಣ, ಹಗುರ ಅಣುಗಳು. ನೀರಿನೊಂದಿಗೆ ಅಷ್ಟಾಗಿ ಬೆರೆಯದೆ, ಸಾಮಾನ್ಯ ತಾಪಮಾನದಲ್ಲೇ ಆವಿಯಾಗುತ್ತವೆ. ಹೂವುಗಳ ಪರಿಮಳ ಒಂದರಲ್ಲೇ 1,700ಕ್ಕೂ ಹೆಚ್ಚು ಬಗೆಯ ಸಂಯುಕ್ತಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಸಂಖ್ಯೆ ದೊಡ್ಡದಾದರೂ ಮೂಲಗಳು ಕೆಲವೇ. ಐದು ಇಂಗಾಲದ ಘಟಕಗಳನ್ನು ಜೋಡಿಸಿ ಕಟ್ಟಿದ ಟರ್ಪೀನ್‌ಗಳು ಒಂದು ದೊಡ್ಡ ಕುಟುಂಬ. ನಿಂಬೆ ಸಿಪ್ಪೆಯ ಲಿಮೊನೀನ್, ಪೈನ್ ಮರದ ಪೈನೀನ್, ಪುದೀನದ ಮೆಂಥಾಲ್ ಈ ಕುಟುಂಬದವು. ಲವಂಗದ ಯೂಜೆನಾಲ್ ಬೆಂಜೀನ್ ಉಂಗುರವಿರುವ ಇನ್ನೊಂದು ಗುಂಪಿಗೆ ಸೇರುತ್ತದೆ. ಕೋಶದ ಪೊರೆಯಲ್ಲಿರುವ ಕೊಬ್ಬಿನಾಮ್ಲ ಒಡೆದು ಹುಟ್ಟುವುದು ಮತ್ತೊಂದು ಗುಂಪು. ಅಮೈನೊ ಆಮ್ಲಗಳಿಂದ ಹುಟ್ಟುವವೂ ಇವೆ.

ತಯಾರಾದ ಅಣು ತನ್ನಷ್ಟಕ್ಕೆ ಸೋರಿ ಹೋಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಆ ನಂಬಿಕೆ 2017ರಲ್ಲಿ ಅಲುಗಿತು. ಪೆಟೂನಿಯಾ ಹೂವಿನ ಕೋಶದ ಪೊರೆಯಲ್ಲಿ ಪರಿಮಳದ ಅಣುಗಳನ್ನು ಶಕ್ತಿ ವ್ಯಯಿಸಿ ಹೊರಗೆ ಸಾಗಿಸುವ ಒಂದು ಪ್ರೋಟೀನ್ ಇರುವುದು ಆಗ ಗೊತ್ತಾಯಿತು. ಅದನ್ನು ಕುಗ್ಗಿಸಿದಾಗ ಅಣುಗಳು ಪೊರೆಯಲ್ಲೇ ಉಳಿದು ಕೋಶಕ್ಕೆ ಹಾನಿ ಮಾಡಿದವು. ಅಂದರೆ ಬಾಗಿಲಿದೆ, ಬಾಗಿಲಿಗೆ ಕಾವಲೂ ಇದೆ. ತುಳಸಿ, ಪುದೀನಗಳಲ್ಲಿ ವ್ಯವಸ್ಥೆ ಬೇರೆ. ಎಲೆಯ ಮೇಲಿನ ಸೂಕ್ಷ್ಮ ರೋಮಗಳ ತುದಿಯ ಗ್ರಂಥಿಗಳಲ್ಲಿ ತೈಲ ಸಂಗ್ರಹವಾಗಿರುತ್ತದೆ. ನಾವು ಎಲೆಯನ್ನು ಹೊಸಕಿದಾಗ ಗ್ರಂಥಿ ಒಡೆಯುತ್ತದೆ. ನಮಗೆ ಹಿತವಾದ ಆ ಘಾಟು ಎಲೆ ತಿನ್ನಲು ಬಂದ ಕೀಟವನ್ನು ಹಿಮ್ಮೆಟ್ಟಿಸುವುದಕ್ಕೆಂದು ಇರುವುದು.

ಹೂವಿನ ಕರೆಯೆಲ್ಲ ಸುವಾಸನೆಯೇ ಆಗಬೇಕೆಂದೇನಿಲ್ಲ. ಸುವರ್ಣಗಡ್ಡೆ ಹೂಬಿಟ್ಟಾಗ ಏನೋ ಸತ್ತು ಕೊಳೆತಿದೆಯೆಂದು ಹಿತ್ತಲಲ್ಲಿ ಹುಡುಕಿದವರು ನಮ್ಮಲ್ಲಿ ಬಹಳ ಮಂದಿ. ಅದು ಗಂಧಕವಿರುವ ಡೈಮೀಥೈಲ್ ಸಲ್ಫೈಡ್ ಬಗೆಯ ಸಂಯುಕ್ತಗಳ ವಾಸನೆ. ಕೊಳೆಯುವ ಮಾಂಸದಿಂದ ಹೊರಡುವುದೂ ಅವೇ. ಹೆಣವನ್ನು ಹುಡುಕುವ ಜೀರುಂಡೆಗಳು ಮೋಸಹೋಗಿ ಬಂದು ಪರಾಗ ಹೊತ್ತು ಹೋಗುತ್ತವೆ. ಹೂಗೊಂಚಲು ತನ್ನನ್ನೇ ಬಿಸಿ ಮಾಡಿಕೊಳ್ಳುವುದರಿಂದ ಆ ವಾಸನೆ ಇನ್ನಷ್ಟು ಬೇಗ ಹರಡುತ್ತದೆ.

ಇನ್ನು ಎಲೆಯ ಕಥೆ. ನನ್ನ ದೃಷ್ಟಿಯಲ್ಲಿ ಹೂವಿನ ಕಥೆಗಿಂತ ಇದೇ ಹೆಚ್ಚು ಬೆರಗಿನದು.

ಹುಲ್ಲು ಕೊಯ್ದಾಗ ಬರುವ ಹಸಿ ವಾಸನೆ ಎಲ್ಲರಿಗೂ ಗೊತ್ತು. ಎಲೆಯ ಕೋಶ ಒಡೆದ ಕೆಲವೇ ಸೆಕೆಂಡುಗಳಲ್ಲಿ ಪೊರೆಯ ಲಿನೊಲೆನಿಕ್ ಆಮ್ಲ ತುಂಡಾಗಿ ಆರು ಇಂಗಾಲದ ಹೆಕ್ಸೆನಾಲ್‌ನಂತಹ ಅಣುಗಳು ಹುಟ್ಟುತ್ತವೆ. ಕುಡುಗೋಲಿನಿಂದಾಗಲಿ ಹುಳುವಿನ ಬಾಯಿಂದಾಗಲಿ ಗಾಯವಾದರೆ ಸಾಕು, ಈ ವಾಸನೆ ಏಳುತ್ತದೆ. ಆದರೆ ಕಚ್ಚಿದ್ದು ಹುಳುವಾದರೆ ಗಿಡ ಅಲ್ಲಿಗೇ ನಿಲ್ಲುವುದಿಲ್ಲ. ಟೆಡ್ ಟರ್ಲಿಂಗ್ಸ್, ಜೇಮ್ಸ್ ಟಮ್ಲಿನ್ಸನ್, ಜೋ ಲೂಯಿಸ್ ಎಂಬ ಮೂವರು ಅಮೆರಿಕದಲ್ಲಿ ಮೆಕ್ಕೆಜೋಳದ ಮೇಲೆ ನಡೆಸಿದ ಪ್ರಯೋಗಗಳು 1990ರಲ್ಲಿ ಪ್ರಕಟವಾದವು. ಸೈನಿಕ ಹುಳು ತಿಂದ ಸಸಿಗಳು ಕೆಲವು ಗಂಟೆಗಳ ನಂತರ ಟರ್ಪೀನ್‌ಗಳ ಒಂದು ಮಿಶ್ರಣವನ್ನು ಹೊರಬಿಡತೊಡಗಿದವು. ಆ ವಾಸನೆಯ ಜಾಡು ಹಿಡಿದು ಬಂದ ಪುಟ್ಟ ಕಣಜಗಳು ಹುಳುವಿನ ಮೈಯೊಳಗೆ ಮೊಟ್ಟೆಯಿಟ್ಟವು. ಮೊಟ್ಟೆಯೊಡೆದ ಮರಿಗಳು ಹುಳುವನ್ನು ಒಳಗಿನಿಂದ ತಿಂದು ಮುಗಿಸುತ್ತವೆ. ಬರಿ ಬ್ಲೇಡಿನಿಂದ ಎಲೆಗೆ ಗಾಯ ಮಾಡಿದಾಗ ಈ ಮಿಶ್ರಣ ಅಷ್ಟಾಗಿ ಹೊರಡಲಿಲ್ಲ. ಗಾಯದ ಮೇಲೆ ಹುಳುವಿನ ಬಾಯಿರಸ ಸವರಿದಾಗ ಹೊರಟಿತು. ಆ ರಸದಲ್ಲಿದ್ದ ಕೀಲಿ ಅಣುವಿಗೆ 1997ರಲ್ಲಿ ವೊಲಿಸಿಟಿನ್ ಎಂದು ಹೆಸರಿಟ್ಟರು. ಮೆದುಳೂ ನರವೂ ಇಲ್ಲದ ಜೀವಿಯೊಂದು ತನ್ನನ್ನು ಗಾಯಗೊಳಿಸಿದ್ದು ಲೋಹವೋ ಹುಳುವೋ ಎಂದು ಬೇರ್ಪಡಿಸಿ ಅರಿಯುತ್ತದೆ, ಅರಿತ ಮೇಲೆ ಹುಳುವಿನ ಶತ್ರುವನ್ನು ಕರೆಯುತ್ತದೆ. ಇದನ್ನು ಓದಿ ಸುಮ್ಮನೆ ಪುಟ ತಿರುವಲು ನನ್ನಿಂದ ಸಾಧ್ಯವಾಗಲಿಲ್ಲ.

ಇದಕ್ಕೂ ಸ್ವಲ್ಪ ಮುಂಚೆ, ಎಂಬತ್ತರ ದಶಕದಲ್ಲಿ, ನೆದರ್‌ಲೆಂಡ್ಸ್‌ನಲ್ಲಿ ಮಾರ್ಸೆಲ್ ಡಿಕೆ ಮತ್ತು ಮೌರಿಸ್ ಸಬೆಲಿಸ್ ಇದೇ ಬಗೆಯ ಸಂಬಂಧವನ್ನು ಕಂಡಿದ್ದರು. ಜೇಡನುಸಿ ರಸ ಹೀರುತ್ತಿದ್ದ ಅವರೆಕುಲದ ಗಿಡವೊಂದರ ವಾಸನೆಗೆ ಆ ನುಸಿಯನ್ನೇ ತಿನ್ನುವ ಇನ್ನೊಂದು ನುಸಿ ಬರುತ್ತಿತ್ತು. ಅಮೆರಿಕದ ಯೂಟಾ ಮರುಭೂಮಿಯ ಕಾಡುತಂಬಾಕಿನ ಮೇಲೆ ಆಂಡ್ರೆ ಕೆಸ್ಲರ್ ಮತ್ತು ಇಯಾನ್ ಬಾಲ್ಡ್‌ವಿನ್ 2001ರಲ್ಲಿ ಪ್ರಕಟಿಸಿದ ಅಧ್ಯಯನ, ಪ್ರಯೋಗಾಲಯದಾಚೆ, ಬಯಲಿನಲ್ಲೂ ಈ ಕರೆ ಕೆಲಸ ಮಾಡುತ್ತದೆಯೇ ಎಂಬ ಅನುಮಾನಕ್ಕೆ ಉತ್ತರ ಕೊಟ್ಟಿತು. ವಾಸನೆಯ ಕರೆಯಿಂದಾಗಿ ಗಿಡದ ಮೇಲಿನ ಕೀಟಗಳ ಸಂಖ್ಯೆ ಶೇ. 90ರಷ್ಟು ತಗ್ಗಬಹುದೆಂದು ಅವರು ಅಂದಾಜಿಸಿದರು.

ಅದೇ ಕಾಡುತಂಬಾಕಿನ ಇನ್ನೊಂದು ನಡವಳಿಕೆಯನ್ನು ಹೇಳಲೇಬೇಕು. ಅದರ ಹೂವು ರಾತ್ರಿ ಅರಳಿ ಬೆಂಜೈಲ್ ಅಸಿಟೋನ್ ಎಂಬ ಪರಿಮಳ ಬಿಟ್ಟು ದೊಡ್ಡ ಪತಂಗಗಳನ್ನು ಕರೆಯುತ್ತದೆ. ಪತಂಗ ಪರಾಗಸ್ಪರ್ಶ ಮಾಡುತ್ತದೆ ನಿಜ, ಹೋಗುವಾಗ ಎಲೆಯ ಮೇಲೆ ಮೊಟ್ಟೆಯನ್ನೂ ಇಟ್ಟು ಹೋಗುತ್ತದೆ. ಮರಿಹುಳುಗಳ ಕಾಟ ಹೆಚ್ಚಾದಾಗ ಗಿಡ ಬೆಳಗ್ಗೆ ಅರಳುವ ಹೂಗಳನ್ನು ಬಿಡತೊಡಗುತ್ತದೆ. ಅವುಗಳಲ್ಲಿ ಆ ಪರಿಮಳ ತೀರ ಕಡಿಮೆ. ಅವುಗಳಿಗೆ ಬರುವುದು ಹಗಲಿನಲ್ಲಿ ಹಾರುವ, ಮರಿಹುಳುಗಳ ಗೊಡವೆಯೇ ಇಲ್ಲದ ಹಮ್ಮಿಂಗ್ ಹಕ್ಕಿಗಳು.

ಈಗ ಹೆಚ್ಚು ವಿವಾದಕ್ಕೆ ಗುರಿಯಾದ ಭಾಗಕ್ಕೆ ಬರೋಣ. 1983ರಲ್ಲಿ ಇಯಾನ್ ಬಾಲ್ಡ್‌ವಿನ್ ಮತ್ತು ಜ್ಯಾಕ್ ಶುಲ್ಟ್ಸ್ ಎಂಬ ವಿಜ್ಞಾನಿಗಳು, ಎಲೆ ಹರಿದ ಪಾಪ್ಲರ್ ಮತ್ತು ಮೇಪಲ್ ಸಸಿಗಳ ಜೊತೆ ಒಂದೇ ಕೋಣೆಯ ಗಾಳಿಯನ್ನು ಹಂಚಿಕೊಂಡ ಗಾಯವಿಲ್ಲದ ಸಸಿಗಳೂ ತಮ್ಮ ಎಲೆಗಳಲ್ಲಿ ರಕ್ಷಣೆಯ ರಾಸಾಯನಿಕಗಳನ್ನು ಹೆಚ್ಚಿಸಿಕೊಂಡವೆಂದು ವರದಿ ಮಾಡಿದರು. ಪತ್ರಿಕೆಗಳು ಮರಗಳು ಮಾತಾಡುತ್ತವೆ ಎಂದು ಬರೆದವು. ವಿಜ್ಞಾನಿಗಳಲ್ಲಿ ಅನೇಕರು ನಂಬಲಿಲ್ಲ. ಅವರ ಆಕ್ಷೇಪದಲ್ಲಿ ತೂಕವಿತ್ತು. ಪಕ್ಕದ ಗಿಡವೆಂದರೆ ನೀರಿಗೆ, ಬಿಸಿಲಿಗೆ, ಗೊಬ್ಬರಕ್ಕೆ ಪೈಪೋಟಿ ಕೊಡುವ ಗಿಡ. ಅದನ್ನು ಎಚ್ಚರಿಸಿ ಉಳಿಸಿದರೆ ಎಚ್ಚರಿಸಿದ ಗಿಡಕ್ಕೇನು ಲಾಭ?

ಪರಿಣಾಮವೇನೋ ನಿಜವೆಂದು ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ದೃಢಪಟ್ಟಿತು. 1990ರಲ್ಲಿ ಎಡ್ವರ್ಡ್ ಫಾರ್ಮರ್ ಮತ್ತು ಕ್ಲಾರೆನ್ಸ್ ರಯಾನ್, ಸೇಜ್‌ಬ್ರಷ್ ಎಂಬ ಪೊದೆಯಿಂದ ಹೊರಡುವ ಮೀಥೈಲ್ ಜಾಸ್ಮೊನೇಟ್ ತಾಗಿದ ಟೊಮ್ಯಾಟೊ ಗಿಡ, ಹುಳುಗಳ ಜೀರ್ಣಕ್ರಿಯೆಯನ್ನು ಕೆಡಿಸುವ ಪ್ರೋಟೀನ್ ತಯಾರಿಸಿಕೊಳ್ಳುವುದನ್ನು ತೋರಿಸಿದರು. ಹೆಸರೇ ಹೇಳುವಂತೆ ಅದು ಮೊದಲು ಸಿಕ್ಕಿದ್ದು ಮಲ್ಲಿಗೆಯ ತೈಲದಲ್ಲಿ. 2023ರಲ್ಲಿ ಜಪಾನಿನ ಸೈತಾಮಾ ವಿಶ್ವವಿದ್ಯಾಲಯದ ತಂಡ ಇದನ್ನು ಕಣ್ಣಿಗೇ ಕಾಣುವಂತೆ ಮಾಡಿತು. ಎಚ್ಚರಿಕೆಯ ಸಂಕೇತವಾಗಿ ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಾದೆಡೆ ಹೊಳೆಯುವಂತೆ ಮಾರ್ಪಡಿಸಿದ ಸಾಸಿವೆ ಕುಟುಂಬದ ಪುಟ್ಟ ಗಿಡವೊಂದರ ಮೇಲೆ, ಹುಳುಗಳು ತಿನ್ನುತ್ತಿದ್ದ ಎಲೆಗಳ ಗಾಳಿಯನ್ನು ಹಾಯಿಸಿದರು. ಎಲೆಯಲ್ಲಿ ಹೊಳಪಿನ ಅಲೆ ಎದ್ದಿತು. ಮೊದಲು ಪ್ರತಿಕ್ರಿಯಿಸಿದ್ದು ಪತ್ರರಂಧ್ರಗಳ ಕಾವಲು ಕೋಶಗಳು. ಅಂದರೆ ವಾಸನೆ ಒಳಗೆ ಹೋಗುವ ದಾರಿ, ಎಲೆ ಉಸಿರಾಡುವ ಅದೇ ರಂಧ್ರ. ಮರುವರ್ಷ ಪೆಟೂನಿಯಾದಲ್ಲಿ ಜರ್ಮಾಕ್ರೀನ್ ಎಂಬ ಟರ್ಪೀನನ್ನು ಗ್ರಹಿಸುವ ಪ್ರೋಟೀನ್ ಕೂಡ ಸಿಕ್ಕಿತು.

ಹಾಗಾದರೆ ಲಾಭದ ಪ್ರಶ್ನೆ ಏನಾಯಿತು? ನನಗೆ ಹೆಚ್ಚು ಒಪ್ಪಿಗೆಯಾಗುವ ಉತ್ತರ 2007ರಲ್ಲಿ ಮಾರ್ಟಿನ್ ಹೈಲ್ ಮತ್ತು ಅವರ ಸಹೋದ್ಯೋಗಿ ಮೆಕ್ಸಿಕೋದಲ್ಲಿ ಕಾಡುಬೀನ್ಸ್ ಬಳ್ಳಿಗಳ ಮೇಲೆ ಮಾಡಿದ ಪ್ರಯೋಗದಲ್ಲಿದೆ. ಹುಳು ತಿಂದ ಎಲೆಯ ವಾಸನೆ ಅದೇ ಬಳ್ಳಿಯ ಬೇರೆ ಎಲೆಗಳನ್ನು ಎಚ್ಚರಿಸುತ್ತದೆ. ಗಿಡದೊಳಗಿನ ರಸನಾಳಗಳು ಎಲ್ಲ ಎಲೆಗಳನ್ನೂ ಒಂದಕ್ಕೊಂದು ನೇರವಾಗಿ ಜೋಡಿಸಿಲ್ಲ. ಅಕ್ಕಪಕ್ಕದಲ್ಲಿ ತೂಗುವ ಎರಡು ಎಲೆಗಳ ನಡುವೆ ನಾಳದ ಹಾದಿ ಬಹಳ ಉದ್ದವಿರಬಹುದು, ಗಾಳಿಯ ಹಾದಿ ಒಂದು ಗೇಣು. ಆದ್ದರಿಂದ ಗಿಡ ಮೊದಲು ಸುದ್ದಿ ಮುಟ್ಟಿಸುತ್ತಿರುವುದು ತನ್ನದೇ ರೆಂಬೆಗಳಿಗೆ. ನೆರೆಯ ಗಿಡ ಅದನ್ನು ಕದ್ದು ಕೇಳುತ್ತಿದೆ. ಮರಗಳ ಮಮತೆ, ಕಾಡಿನ ಸಹಕಾರ ಎಂದೆಲ್ಲ ಬರೆಯುವುದು ಓದಲು ಹಿತವಾಗಿರುತ್ತದೆ. ಆದರೆ ಸಾಕ್ಷ್ಯ ಹೆಚ್ಚಾಗಿ ವಾಲುವುದು ಈ ಕಳ್ಳಗಿವಿಯ ಕಡೆಗೇ.

ಕದ್ದು ಕೇಳುವವರು ನೆರೆಯ ಗಿಡಗಳಷ್ಟೇ ಅಲ್ಲ. ಎಲೆಯೇ ಇಲ್ಲದ, ಹಳದಿ ದಾರದಂತೆ ಬೆಳೆಗಳಿಗೆ ಸುತ್ತಿಕೊಂಡು ರಸ ಹೀರುವ ಕಸ್ಕ್ಯುಟಾ ಬಳ್ಳಿ ಬೀಜದಿಂದ ಹೊರಬಂದ ಕೆಲವೇ ದಿನಗಳಲ್ಲಿ ಆಸರೆ ಹುಡುಕದಿದ್ದರೆ ಸಾಯುತ್ತದೆ. ಅದು ಟೊಮ್ಯಾಟೊ ಗಿಡದ ವಾಸನೆಯತ್ತ ವಾಲಿ ಬೆಳೆಯುತ್ತದೆಂದು 2006ರಲ್ಲಿ ಪ್ರಯೋಗದಿಂದ ತಿಳಿಯಿತು. ಟೊಮ್ಯಾಟೊ ಗಿಡದ ಬದಲು ಅದರ ವಾಸನೆಯ ಸಾರವನ್ನಷ್ಟೇ ಇಟ್ಟರೂ ಅತ್ತಲೇ ತಿರುಗಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕಾಯಿಕೊರಕವನ್ನು ಹಿಡಿಯಲು ನೇತುಹಾಕುವ ಬಲೆಗಳಲ್ಲಿರುವುದು ಎಥನಾಲ್ ಮತ್ತು ಮೆಥನಾಲ್ ಮಿಶ್ರಣ. ಹಣ್ಣಾಗುವ ಕಾಫಿಯ ಆವಿಯನ್ನು ಹಿಂಬಾಲಿಸುವ ಕೀಟದ ಚಟವನ್ನೇ ಅದರ ಮೇಲೆ ತಿರುಗಿಸಿದ ಉಪಾಯವಿದು. ಮಾವಿನ ತೋಪಿನ ಹಣ್ಣುನೊಣದ ಬಲೆಯಲ್ಲಿರುವುದು ಮೀಥೈಲ್ ಯೂಜೆನಾಲ್, ತುಳಸಿಯಲ್ಲೂ ಇರುವ ಸಂಯುಕ್ತ. ಗಂಡು ನೊಣ ಅದನ್ನು ಹುಡುಕಿ ತಿಂದು, ದೇಹದಲ್ಲಿ ಮಾರ್ಪಡಿಸಿಕೊಂಡು ಹೆಣ್ಣನ್ನು ಸೆಳೆಯುವ ಗಂಧವಾಗಿ ಬಳಸುತ್ತದೆ. ಈ ಸೆಳೆತದ ಮೊದಲ ಸುಳಿವು ಸಿಕ್ಕಿದ್ದು ಭಾರತದಲ್ಲೇ. ಇಲ್ಲಿ ಕೆಲಸ ಮಾಡುತ್ತಿದ್ದ ಕೀಟತಜ್ಞ ಹೌಲೆಟ್ 1912ರಲ್ಲಿ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣಗಳು ಮುತ್ತುವುದನ್ನು ವರದಿ ಮಾಡಿದ್ದರು.

ಹಣ್ಣಿನ ವಿಷಯ ಬಂದಾಗ ಎಥಿಲೀನನ್ನು ಬಿಡುವಂತಿಲ್ಲ. ಎರಡೇ ಇಂಗಾಲದ ಈ ಅನಿಲ ಗಿಡದ ಹಾರ್ಮೋನ್. 1901ರಲ್ಲಿ ರಷ್ಯಾದ ದಿಮಿತ್ರಿ ನೆಲ್ಯುಬೊವ್, ದೀಪದ ಅನಿಲ ಸೋರುತ್ತಿದ್ದ ಪ್ರಯೋಗಾಲಯದಲ್ಲಿ ಬಟಾಣಿ ಸಸಿಗಳು ಸೊಟ್ಟಗೆ ಬೆಳೆಯಲು ಇದೇ ಕಾರಣವೆಂದು ಕಂಡುಹಿಡಿದರು. ಮಾಗುವ ಹಣ್ಣೇ ಎಥಿಲೀನ್ ತಯಾರಿಸುತ್ತದೆಂದು 1934ರಲ್ಲಿ ಸಾಬೀತಾಯಿತು. ಮಾವಿನಕಾಯಿಯನ್ನು ಹುಲ್ಲಿನ ನಡುವೆ ಅಡೆ ಹಾಕುವಾಗ ನಮ್ಮ ಹಿರಿಯರು ಮಾಡುತ್ತಿದ್ದುದು ಈ ಅನಿಲ ಚದುರದಂತೆ ತಡೆಯುವ ಕೆಲಸ. ಬಾಳೆಗೊನೆಗೆ ಹೊಗೆ ಹಾಕಿದಾಗ ಹೊಗೆಯಲ್ಲಿರುವ ಎಥಿಲೀನ್ ಮಾಗುವಿಕೆಯನ್ನು ಶುರುಮಾಡುತ್ತದೆ.

ಪ್ರಮಾಣದ ಲೆಕ್ಕದಲ್ಲಿ ಇವೆಲ್ಲವನ್ನೂ ಮೀರಿಸುವುದು ಐಸೊಪ್ರೀನ್ ಎಂಬ ಐದು ಇಂಗಾಲದ ಅಣು. ಜಗತ್ತಿನ ಗಿಡಮರಗಳು ವರ್ಷಕ್ಕೆ ಸುಮಾರು 50 ಕೋಟಿ ಟನ್ ಐಸೊಪ್ರೀನ್ ಹೊರಬಿಡುತ್ತವೆಂಬ ಅಂದಾಜಿದೆ. ಓಕ್, ಪಾಪ್ಲರ್, ನೀಲಗಿರಿ, ತಾಳೆಎಣ್ಣೆಯ ಮರ, ಇವೆಲ್ಲ ಧಾರಾಳವಾಗಿ ಬಿಡುತ್ತವೆ. ಇದು ಯಾರನ್ನೂ ಕರೆಯುವ ವಾಸನೆಯಲ್ಲ. ಬಿಸಿಲು ಏರಿದಂತೆ ಏರುತ್ತದೆ, ರಾತ್ರಿ ನಿಂತುಹೋಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲೆ ಗಳಿಸಿದ ಇಂಗಾಲದ ಶೇ. 2ರಷ್ಟು ಹೀಗೆ ಗಾಳಿಪಾಲಾಗುತ್ತದೆ, ಸೆಕೆ ಹೆಚ್ಚಿದರೆ ಇನ್ನೂ ಹೆಚ್ಚು. ಇಷ್ಟು ಖರ್ಚಿನ ಪ್ರತಿಫಲ ತಾಪವನ್ನು ತಾಳುವ ಶಕ್ತಿ. ಹಠಾತ್ತನೆ ಎಲೆ ಕಾದಾಗ ಐಸೊಪ್ರೀನ್ ಬಿಡುವ ಗಿಡದ ದ್ಯುತಿಸಂಶ್ಲೇಷಣೆ ಬೇಗ ಚೇತರಿಸಿಕೊಳ್ಳುತ್ತದೆ. ಅದು ಪೊರೆಯನ್ನು ಗಟ್ಟಿಮಾಡುತ್ತದೆ ಎಂದು ಮೊದಲು ಭಾವಿಸಿದ್ದರು. ಅಷ್ಟು ಕಡಿಮೆ ಸಾಂದ್ರತೆಯಲ್ಲಿ ಅದು ಕಷ್ಟವೆಂದು ತಿಳಿದ ಮೇಲೆ, ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುವ ಸಂಕೇತವೆಂದು ಈಗ ಹೆಚ್ಚಿನವರು ನೋಡುತ್ತಿದ್ದಾರೆ.

ಗಿಡದಿಂದ ಹೊರಟ ಮೇಲೆ ಈ ಅಣುಗಳು ಆಕಾಶವನ್ನೂ ಬದಲಿಸುತ್ತವೆ. ಕಾಡುಬೆಟ್ಟಗಳ ಮೇಲಿನ ನೀಲಿ ಮಬ್ಬಿಗೆ ಮರಗಳ ಟರ್ಪೀನ್‌ಗಳೇ ಕಾರಣವೆಂದು ಫ್ರಿಟ್ಸ್ ವೆಂಟ್ 1960ರಲ್ಲಿ ವಾದಿಸಿದರು. ಪೈನೀನ್ ಗಾಳಿಯಲ್ಲಿ ಉತ್ಕರ್ಷಿಸಿದಾಗ ಹುಟ್ಟುವ ಸೂಕ್ಷ್ಮ ಕಣಗಳು, ಕಾರ್ಖಾನೆಯ ಗಂಧಕಾಮ್ಲದ ನೆರವಿಲ್ಲದೆಯೂ, ಮೋಡಕ್ಕೆ ಬೀಜವಾಗುವಷ್ಟು ಬೆಳೆಯಬಲ್ಲವೆಂದು 2016ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯ ಪ್ರಯೋಗ ತೋರಿಸಿತು. ಆದರೆ ವಾಹನಗಳ ಹೊಗೆಯ ನೈಟ್ರೋಜನ್ ಆಕ್ಸೈಡ್‌ಗಳಿರುವ ಊರಿನಲ್ಲಿ ಇದೇ ಐಸೊಪ್ರೀನ್ ನೆಲಮಟ್ಟದಲ್ಲಿ ಉಸಿರಿಗೆ ಹಾನಿಮಾಡುವ ಓಝೋನ್ ಹುಟ್ಟಲು ಕಾರಣವಾಗುತ್ತದೆ. ಮರ ಮಾಡಿದ ತಪ್ಪು ಇದರಲ್ಲಿ ಏನೂ ಇಲ್ಲ.

ನಮ್ಮ ಹೊಗೆ ಗಿಡದ ಕರೆಯನ್ನೇ ಅಳಿಸುತ್ತಿರುವುದು ಇನ್ನೂ ಗಂಭೀರ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡುಹೂವೊಂದರ ಮೇಲಿನ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಹೊಗೆಯ ನೈಟ್ರೋಜನ್ ಆಕ್ಸೈಡ್‌ಗಳಿಂದ ಹುಟ್ಟಿ ರಾತ್ರಿ ಗಾಳಿಯಲ್ಲಿ ಸೇರುವ ನೈಟ್ರೇಟ್ ರಾಡಿಕಲ್‌ಗಳೆಂಬ ಚುರುಕು ಕಣಗಳು ಅದರ ಪರಿಮಳದ ಮುಖ್ಯ ಟರ್ಪೀನ್‌ಗಳನ್ನು ಒಡೆದುಹಾಕುತ್ತವೆ. ಹಾಗೆ ಕೆಟ್ಟ ಪರಿಮಳವಿಟ್ಟ ಹೂವುಗಳಿಗೆ ಪತಂಗಗಳ ಭೇಟಿ ಶೇ. 70ರಷ್ಟು ಇಳಿಯಿತು. ಹೂವು ಸರಿಯಾದ ವೇಳೆಗೇ ಅರಳಿದೆ, ಪತಂಗವೂ ಹಾರುತ್ತಿದೆ, ನಡುವಿನ ಗಾಳಿ ಮಾತ್ರ ಸುದ್ದಿ ಮುಟ್ಟಿಸುತ್ತಿಲ್ಲ.

ಹೊಲದಲ್ಲಿ ನಷ್ಟ ಇನ್ನೊಂದು ಬಗೆಯದು. ಬೇರುಹುಳು ಕಚ್ಚಿದಾಗ ಯುರೋಪಿನ ಮೆಕ್ಕೆಜೋಳದ ತಳಿಗಳು ಮಣ್ಣಿನೊಳಗೆ ಕ್ಯಾರಿಯೊಫಿಲೀನ್ ಎಂಬ ಟರ್ಪೀನ್ ಬಿಡುತ್ತವೆ. ಕರಿಮೆಣಸಿನ ಕಂಪಿನಲ್ಲೂ ಇರುವ ಅಣು ಅದು. ಅದನ್ನು ಹಿಂಬಾಲಿಸಿ ಬರುವ ಸೂಕ್ಷ್ಮ ಜಂತುಗಳು ಹುಳುವನ್ನು ಕೊಲ್ಲುತ್ತವೆ. ಉತ್ತರ ಅಮೆರಿಕದ ಬಹುತೇಕ ತಳಿಗಳಲ್ಲಿ ಈ ಶಕ್ತಿಯೇ ಇಲ್ಲವೆಂದು 2005ರ ಅಧ್ಯಯನ ಹೇಳಿತು. ಇಳುವರಿಯನ್ನಷ್ಟೇ ನೋಡಿ ತಳಿ ಆರಿಸಿದವರಿಗೆ ಜೊತೆಯಲ್ಲಿ ಏನು ಕಳೆದುಹೋಯಿತೆಂಬುದು ಗೊತ್ತೇ ಆಗಲಿಲ್ಲ. 2009ರಲ್ಲಿ ಬೇರೆ ಸಸ್ಯದ ಜೀನ್ ಸೇರಿಸಿ ಆ ಶಕ್ತಿಯನ್ನು ಮರಳಿಸಿದಾಗ ಬೇರಿನ ಹಾನಿ ತಗ್ಗಿತು. ಆದರೆ ಆ ಗಿಡಗಳು ಹುಳುವಿರಲಿ ಇಲ್ಲದಿರಲಿ, ಸದಾ ವಾಸನೆ ಬಿಡುತ್ತಿದ್ದವು. ಮುಂದಿನ ಪರೀಕ್ಷೆಯಲ್ಲಿ ಅವುಗಳ ಮೊಳಕೆ, ಬೆಳವಣಿಗೆ, ಇಳುವರಿ ಎಲ್ಲ ಕುಗ್ಗಿದ್ದು ಕಂಡಿತು, ಎಲೆ ತಿನ್ನುವ ಹುಳುಗಳೂ ಹೆಚ್ಚು ಬಂದವು. ವೇಳೆಯ ಹತೋಟಿ ತಪ್ಪಿದ ಕರೆಗೆ ತೆತ್ತ ಬೆಲೆ ಅದು.

ಕೀನ್ಯಾದಲ್ಲಿ ಜೇಯೂರ್ ಖಾನ್ ಮತ್ತು ಸಂಗಡಿಗರು ತೊಂಬತ್ತರ ದಶಕದಿಂದ ರೂಪಿಸಿದ ದಾರಿ ಹೆಚ್ಚು ವಿವೇಕದ್ದೆಂದು ನನಗೆ ತೋರುತ್ತದೆ. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಸಸ್ಯ, ಹೊಲದ ಸುತ್ತ ನೇಪಿಯರ್ ಹುಲ್ಲು. ಕಾಂಡಕೊರಕದ ಪತಂಗವನ್ನು ಒಳಗಿನ ಗಿಡ ದೂರವಿಡುವುದು, ಅಂಚಿನ ಹುಲ್ಲು ತನ್ನತ್ತ ಸೆಳೆಯುವುದು ಎಂಬ ಎಣಿಕೆ. ಎರಡೂ ದನಕ್ಕೆ ಮೇವು. ಆ ಕಾಂಡಕೊರಕ ಏಷ್ಯಾದಿಂದ ಆಫ್ರಿಕಾಕ್ಕೆ ಹೋದದ್ದು, ನಮ್ಮ ಜೋಳಕ್ಕೂ ಹಳೆಯ ಪೀಡೆ. ಅಮೆರಿಕ ಖಂಡದ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡು, 2018ರಲ್ಲಿ ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಅದರ ವಿರುದ್ಧವೂ ಈ ಜೋಡಿಬೆಳೆ ಪೂರ್ವ ಆಫ್ರಿಕಾದಲ್ಲಿ ಫಲ ಕೊಟ್ಟಿದೆ.

ಅದೇ ಕೀನ್ಯಾದ ತಂಡ 2011ರಲ್ಲಿ ಇನ್ನೊಂದು ಸಂಗತಿ ಹೊರಗೆಡಹಿತು. ಲ್ಯಾಟಿನ್ ಅಮೆರಿಕದ ಕೆಲವು ನಾಟಿ ಮೆಕ್ಕೆಜೋಳಗಳು ಹುಳು ಕಚ್ಚುವವರೆಗೂ ಕಾಯುವುದಿಲ್ಲ. ಕಾಂಡಕೊರಕದ ಪತಂಗ ಎಲೆಯ ಮೇಲೆ ಮೊಟ್ಟೆಯಿಟ್ಟದ್ದನ್ನೇ ಅರಿತು ವಾಸನೆ ಬದಲಿಸುತ್ತವೆ. ಅದಕ್ಕೆ ಬರುವುದು ಟ್ರೈಕೋಗ್ರಾಮ, ನಮ್ಮ ಕಬ್ಬಿನ ಬೆಳೆಗಾರರು ಕಾರ್ಡ್ ರೂಪದಲ್ಲಿ ತಂದು ಗರಿಗೆ ಕಟ್ಟುವ ಅದೇ ಬಗೆಯ ಕಣಜ. ಮೊಟ್ಟೆಯನ್ನೇ ಕೊಲ್ಲುವ ಇದರ ಜೊತೆಗೆ, ಮರಿಹುಳುವನ್ನು ಕೊಲ್ಲುವ ಇನ್ನೊಂದು ಕಣಜವೂ ಆ ವಾಸನೆಗೇ ಬಂದು ಸೇರುತ್ತದೆ. ಅದೇ ಪರೀಕ್ಷೆಯಲ್ಲಿದ್ದ ಮಾರುಕಟ್ಟೆಯ ಹೈಬ್ರಿಡ್ ತಳಿಗಳು ಮೊಟ್ಟೆಗೆ ಹಾಗೆ ಸ್ಪಂದಿಸಲಿಲ್ಲ.